ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ತಂಗಿ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಹಳ್ಳಿ ನಮ್ಮದು. ನಾನು ಓ ನೆಗೆಟಿವ್, ಗಂಡ ಓ ಪಾಸಿಟಿವ್. ಈಗ ನನಗೆ 24 ವಾರ. ಎರಡು ವರ್ಷದ ಹಿಂದೆ, ಗಂಡ ಗಲ್ಫಿಗೆ ಹೋದ ಮೇಲೆ, ತವರಿನಲ್ಲಿದ್ದಾಗ ಮೂರು ತಿಂಗಳಿಗೇ ಗರ್ಭ ಹೋಯಿತು. ನೆಗೆಟಿವ್ ರಕ್ತದವರಿಗೆ ಆಗ ಕೊಡುವ ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ಯಾರಿಗೂ ಹೇಳಬೇಡ ಎಂದರು ಅಮ್ಮ. ಗಂಡನಿಗೂ ಗೊತ್ತಿಲ್ಲ. ಡಾಕ್ಟರು "ಇದು ಮೊದಲನೆಯದಾ?" ಎಂದು ಕೇಳಿದಾಗ ಪಕ್ಕದಲ್ಲಿ ಅತ್ತೆ ಇದ್ದರು. ಹೌದು ಎಂದುಬಿಟ್ಟೆ. ನಿನ್ನ ರಕ್ತದಲ್ಲೇ ದೋಷ ಎಂದು ಅತ್ತೆ ಈಗಲೇ ಹೇಳುತ್ತಿದ್ದಾರೆ. "ನನ್ನದೂ ಓ ಅಲ್ವಾ, ರಕ್ತ ಬೇಕಾದರೆ ನಾನೇ ಕೊಡ್ತೇನೆ" ಎನ್ನುತ್ತಾರೆ ಗಂಡ. ಏನು ಮಾಡಲಿ?

ಉತ್ತರ: ತಂಗೀ, ಅತ್ತೆ ಪಕ್ಕದಲ್ಲಿ ನಿಂತಿರುವಾಗ ಬೇರೆ ಉತ್ತರ ಬಾಯಿಗೆ ಬರುವುದು ಕಷ್ಟವೇ. ಆದರೆ ಆ "ಹೌದು" ಈ ವಾರವೇ "ಅಲ್ಲ" ಆಗಬೇಕು.

ನಿಮ್ಮ ಕೆಂಪು ರಕ್ತಕಣಗಳ ಮೇಲೆ 'ಡಿ' ಎಂಬ ಒಂದು ಅಂಶ ಇಲ್ಲ. ನೆಗೆಟಿವ್ ಅಂದರೆ ಅಷ್ಟೇ, ದೋಷ ಅಲ್ಲ. ಗಂಡನಲ್ಲಿ ಅದು ಉಂಟು, ಮಗುವಿಗೂ ಬಂದಿರಬಹುದು. ಹೆರಿಗೆಯಲ್ಲೋ ಗರ್ಭ ಹೋದಾಗಲೋ ಪಾಸಿಟಿವ್ ಮಗುವಿನ ರಕ್ತ ಚೂರು ತಾಯಿಗೆ ಸೇರಿದರೂ ತಾಯಿಯ ದೇಹ ಅದನ್ನು ಪರಕೀಯ ಎಂದು ಎಣಿಸಿ, ಅದರ ವಿರುದ್ಧ ಹೋರಾಡುವ ಪ್ರತಿಕಾಯ (ಆಂಟಿಬಾಡಿ) ತಯಾರಿಸಬಹುದು. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳು ಮಾಸು ದಾಟಿ ಹೋಗಿ ಅದರ ರಕ್ತಕಣ ಒಡೆಯುತ್ತವೆ. ಚೊಚ್ಚಲಿಗೆ ಭಯ ಕಡಿಮೆ ಎನ್ನುವುದು ಇದಕ್ಕೇ. ನಿಮ್ಮ ಡಾಕ್ಟರು ಇದನ್ನು ಚೊಚ್ಚಲು ಎಂದೇ ನಂಬಿದ್ದಾರೆ.

ಮೂರು ತಿಂಗಳಲ್ಲಿ ಹೋದ ಗರ್ಭದಿಂದ ಹೀಗಾಗುವ ಸಾಧ್ಯತೆ ಸಣ್ಣದು. ಸುಮ್ನೆ ಹೆದರಬೇಡಿ. ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್ ಆಗಿದೆಯಾ ಎಂದು ಕೇಳಿ, ಇಲ್ಲದಿದ್ದರೆ ಈಗಲೇ ಮಾಡಿಸಿ. ಅದರಲ್ಲಿ ಪ್ರತಿಕಾಯ ಕಾಣದಿದ್ದರೆ 28ನೇ ವಾರಕ್ಕೆ, ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. 1968ರಲ್ಲಿ ಈ ಇಂಜೆಕ್ಷನ್ ಬಳಕೆಗೆ ಬರುವ ಮೊದಲು ಎಷ್ಟೋ ತಾಯಂದಿರು ಒಂದರ ಹಿಂದೆ ಒಂದು ಮಗು ಕಳೆದುಕೊಂಡಿದ್ದಾರೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಪ್ರತಿಕಾಯ ಆಗಲೇ ಇದ್ದರೆ ಮಾತ್ರ ಇಂಜೆಕ್ಷನ್‌ನಿಂದ ಪ್ರಯೋಜನ ಇಲ್ಲ. ಆಗ ಸ್ಕ್ಯಾನ್ ಮಾಡುತ್ತಾ ಮಗುವಿನ ರಕ್ತ ಕಡಿಮೆಯಾಗುತ್ತಿದೆಯಾ ಎಂದು ನೋಡುತ್ತಿರುತ್ತಾರೆ. ಬೇಕಾದರೆ ಹೊಟ್ಟೆಯೊಳಗಿರುವಾಗಲೇ ಮಗುವಿಗೆ ರಕ್ತ ಕೊಡಲೂ ಆಗುತ್ತದೆ. ಆದರೆ ಡಾಕ್ಟರಿಗೆ ಸಮಯ ಸಿಗಬೇಕು.

ಪರೀಕ್ಷೆಗೆ ಕೋಣೆಯೊಳಗೆ ಕರೆದಾಗ "ಒಬ್ಬಳೇ ಮಾತಾಡಬೇಕು" ಅನ್ನಿ. ಡಾಕ್ಟರು ಮಲಯಾಳಂನವರಾಗಿ ಮಾತು ತಡವರಿಸುತ್ತದೆ ಎಂದಾದರೆ, ಗರ್ಭ ಹೋದ ತಿಂಗಳು, ಇಂಜೆಕ್ಷನ್ ಆಗಿಲ್ಲ ಎಂಬುದು, ಇಷ್ಟನ್ನು ಮಲಯಾಳಂ ಬಲ್ಲ ನಂಬಿಕೆಯ ಗೆಳತಿಯಿಂದ ಚೀಟಿಯಲ್ಲಿ ಬರೆಸಿಕೊಂಡು ಹೋಗಿ. ನಿಮ್ಮ ಮಾತನ್ನು ಅತ್ತೆಗೆ ಹೇಳುವ ಹಕ್ಕು ಡಾಕ್ಟರಿಗಿಲ್ಲ. ಯಾರಿಗೂ ಹೇಳಬೇಡಿ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ಅತ್ತೆಗೆ ಹೇಳಲೇಬೇಕು ಎಂದು ನಾನು ಒತ್ತಾಯಿಸುವುದಿಲ್ಲ.

ಗಂಡನ ಮಾತು ಬೇರೆ. ಅವರು ರಕ್ತ ಕೊಡುತ್ತೇನೆ ಎಂದದ್ದು ಪ್ರೀತಿಯಿಂದ, ಆದರೆ ನಿಮಗೆ ಓ ನೆಗೆಟಿವ್ ರಕ್ತವೇ ಆಗಬೇಕು. ಅದು ಸಿಗುವುದು ಕಷ್ಟ. ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ, ಇಲ್ಲವೇ ಮಂಗಳೂರಿನ ಬ್ಲಡ್ ಬ್ಯಾಂಕಿನಲ್ಲಿ ವಿಚಾರಿಸಿಡಿ. ಇದನ್ನು ಅವರಿಗೆ ಹೇಳಲು ಫೋನು ಮಾಡಿದಾಗ, ಅದೇ ಗಳಿಗೆಯಲ್ಲಿ ಆ ಹಳೆಯ ಮಾತನ್ನೂ ಹೇಳಿ ನೋಡಿ. ಆ ಮಗು ಅವರದ್ದೂ ಆಗಿತ್ತು ಅಲ್ವಾ.