ಜಾತ್ರೆಯಲ್ಲಿ ಸಾಕ್ಷ್ಯಚಿತ್ರ ತೋರಿಸುವುದಾದರೆ ಮೊದಲು ಮೈಕ್‌ಸೆಟ್ ನೋಡಿ

ಶರಣ್ರೀ ಅಣ್ಣಾರ. ಜನವರಿಯಲ್ಲಿ ನಿಮ್ಮೂರ ಜಾತ್ರೆಗೆ ಶಾಲೆ ಮೈದಾನದಲ್ಲಿ ಸುಮಾರು 300 ಜನಕ್ಕೆ ಮೂರು ಸಾಕ್ಷ್ಯಚಿತ್ರ ತೋರಿಸಬೇಕು, ಕೊಪ್ಪಳದ ಕಡೆಯ ಕಿನ್ನಾಳದ ಮರದ ಗೊಂಬೆಯದೊಂದು, ತೊಗಲುಗೊಂಬೆಯದೊಂದು, ತುಂಗಭದ್ರಾ (ಟಿ.ಬಿ.) ಡ್ಯಾಂ ಬಗ್ಗೆ ಹಳೆಯ ಇಂಗ್ಲಿಷ್ ಚಿತ್ರ ಒಂದು, ಎಂಥ ಪ್ರೊಜೆಕ್ಟರ್ ಬಾಡಿಗೆಗೆ ತರೋಣ ಅಂತ ಕೇಳಿದ್ದೀರಿ. ಪ್ರೊಜೆಕ್ಟರ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಮೈಕ್‌ಸೆಟ್. ಚಿತ್ರ ತುಸು ಮಂಕಾದರೂ ಜನ ಕೂತು ನೋಡುತ್ತಾರೆ; ಮಾತು ತಿಳಿಯದಿದ್ದರೆ ಹತ್ತು ನಿಮಿಷದಲ್ಲಿ ಎದ್ದು ಮಿಠಾಯಿ ಅಂಗಡಿ ಕಡೆ ಹೊರಟುಬಿಡುತ್ತಾರೆ. ಸಾಕ್ಷ್ಯಚಿತ್ರಕ್ಕೆ ಮಾತೇ ಜೀವ.

ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರ್ ದೂರಕ್ಕೆ ಕೂಗಿ ಹೇಳಲು ಸರಿ, ಚಿತ್ರಕ್ಕೆ ಬೇಡ. 12 ಅಥವಾ 15 ಇಂಚಿನ ಬಾಕ್ಸ್ ಸ್ಪೀಕರ್ ಎರಡು ಸಾಕು. ಪರದೆಯ ಎರಡೂ ಬದಿಗೆ, ಏಳಡಿ ಎತ್ತರದ ಸ್ಟ್ಯಾಂಡಿನ ಮೇಲಿಟ್ಟು ಮೂತಿಯನ್ನು ಕೂತವರ ಕಡೆಗೆ ಸ್ವಲ್ಪ ಬಗ್ಗಿಸಿ. ನೇರ ಇಟ್ಟರೆ ಸದ್ದು ಎದುರಿನ ಕಟ್ಟಡಕ್ಕೆ ಬಡಿದು ವಾಪಸ್ ಬಂದು ಮಾತಿನ ಮೇಲೆ ಮಾತು ಬೀಳುತ್ತದೆ. ಭಜನೆಗೆ ಅಂತ ಏರಿಸಿಟ್ಟ ಎಕೋ ನಾಬನ್ನು ಸೊನ್ನೆಗೆ ತನ್ನಿ, ಬಾಸ್ (ಗುಮ್ಮೆನ್ನುವ ದಪ್ಪ ಸದ್ದು) ಇಳಿಸಿ. ಆಪರೇಟರ್ ಬಾಸ್ ಬೇಕು ಅನ್ನುತ್ತಾರೆ, ಒಪ್ಪಬೇಡಿ.

ಇನ್ನು ಕೇಬಲ್. ಹೆಚ್ಚಿನ ಕಡೆ ತೊಂದರೆ ಆಗುವುದು ಇಲ್ಲೇ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬಂದ ಸ್ಟೀರಿಯೊ ವೈರನ್ನು ಎರಡು ಕಪ್ಪು ಗೆರೆಯ ದೊಡ್ಡ ಪಿನ್ನಿನಲ್ಲಿ ಮೈಕ್‌ಸೆಟ್ಟಿನ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ (ಎರಡು ವೈರಿನ ಸದ್ದಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ ತೂತಿಗೆ) ಚುಚ್ಚಿದರೆ, ಮಿಕ್ಸರ್ ಎಡ ಚಾನೆಲ್‌ನಲ್ಲಿ ಬಲ ಚಾನೆಲ್ಲನ್ನು ಕಳೆದುಬಿಡುತ್ತದೆ. ನಿರೂಪಣೆಯ ಧ್ವನಿ ಎರಡರಲ್ಲೂ ಒಂದೇ ಇರುವುದರಿಂದ ಅದೇ ಅಳಿಸಿಹೋಗಿ, ಹಿನ್ನೆಲೆ ಸಂಗೀತ ಮಾತ್ರ ತೆಳ್ಳಗೆ ಉಳಿಯುತ್ತದೆ. ಫೈಲೇ ಕೆಟ್ಟಿದೆ ಅಂತ ಗಾಬರಿ ಬೀಳುತ್ತಾರೆ. 3.5 ಮಿ.ಮೀ. ಪಿನ್ನಿನಿಂದ ಎರಡು ಬೇರೆ ಬೇರೆ ಮೋನೊ ಪಿನ್ ಆಗಿ ಒಡೆಯುವ ಕೇಬಲ್ ತಂದು ಎರಡು ಚಾನೆಲ್‌ಗೆ ಹಾಕಿ. ಚಾರ್ಜರ್ ಚುಚ್ಚಿದ ಕೂಡಲೇ ಗುಂಯ್ ಅಂತ ಸದ್ದು ಬಂದರೆ ಅದು ಅರ್ಥಿಂಗ್ ಸುತ್ತು (ಗ್ರೌಂಡ್ ಲೂಪ್), ಅಂದರೆ ಎರಡು ಸಾಧನಗಳ ಅರ್ಥಿಂಗ್ ನಡುವೆ ಕರೆಂಟ್ ಸುತ್ತುವುದು. ಲ್ಯಾಪ್‌ಟಾಪನ್ನೂ ಆಂಪ್ಲಿಫೈಯರನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಆದರೂ ನಿಲ್ಲದಿದ್ದರೆ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ಅಥವಾ ಚಿತ್ರ ಮುಗಿಯುವ ತನಕ ಬ್ಯಾಟರಿಯಲ್ಲಿ ಓಡಿಸಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯುವ ಉಪಾಯ ಮಾತ್ರ ಬೇಡ, ಇಬ್ಬನಿ ಬಿದ್ದ ನೆಲದಲ್ಲಿ ಅದು ಪ್ರಾಣಕ್ಕೆ ಬರುತ್ತದೆ.

ಇಂಗ್ಲಿಷ್ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಹಾಕಿದರೆ ವಯಸ್ಸಾದವರಿಗೂ ಸಣ್ಣ ಮಕ್ಕಳಿಗೂ ಉಪಯೋಗವಿಲ್ಲ. ಊರಿನ ನಾಟಕದಲ್ಲಿ ಪಾತ್ರ ಮಾಡುವವರೊಬ್ಬರನ್ನು ಮೈಕ್ ಮುಂದೆ ಕೂರಿಸಿ ಕನ್ನಡದಲ್ಲಿ ಹೇಳಿಸುವುದು ಎಷ್ಟೋ ಮೇಲು. ಪ್ರತಿ ವಾಕ್ಯ ಅನುವಾದಿಸಲು ಹೋಗಬೇಡಿ, ಚಿತ್ರ ಮುಂದೆ ಓಡಿಬಿಡುತ್ತದೆ. 15-20 ಸೆಕೆಂಡಿಗೊಮ್ಮೆ ಎಡಗಡೆ ಸಮಯ ಬರೆದು, ಎದುರಿಗೆ ಒಂದೆರಡು ಸಾಲು ನಮ್ಮ ಕಡೆಯ ಮಾತಿನಲ್ಲೇ ಬರೆದುಕೊಡಿ. ಓದುವಾಗ ಚಿತ್ರದ ಸದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಗೇಟಿನಿಂದ ನೀರು ಧುಮುಕುವಂಥ ಕಡೆ ಪೂರ್ತಿ ಏರಿಸಿ. ಎರಡು ಸಲ ಪೂರ್ತಿ ತಾಲೀಮು ಬೇಕೇ ಬೇಕು. ಸಬ್‌ಟೈಟಲ್ಲೇ ಬೇಕೆಂದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಪ್ಲೇಯರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಯೂನಿಕೋಡಿಗೆ ಬದಲಿಸಿ. ಕೆಲವು ಪ್ಲೇಯರಿನಲ್ಲಿ ಒತ್ತಕ್ಷರ ಒಡೆಯುವುದರಿಂದ ಅಕ್ಷರಗಳನ್ನು ವಿಡಿಯೊದಲ್ಲೇ ಅಚ್ಚಾಗಿಸಿಬಿಡಿ.

ಪರದೆಗೆ ಶಾಲೆಯ ಗೋಡೆಗಿಂತ ಒಳ್ಳೆಯದು ಇಲ್ಲ. ಹೊಳಪಿಲ್ಲದ ಬಿಳಿ ಬಣ್ಣ ಎರಡು ಕೋಟ್ ಹೊಡೆಸಿ, ಎನಾಮಲ್ ಬೇಡ, ಅದು ಬೆಳಕನ್ನು ಕನ್ನಡಿ ಹಾಗೆ ತಿರುಗಿಸುತ್ತದೆ. ಬಟ್ಟೆಯೇ ಆದರೆ ದಪ್ಪ ಬಿಳಿ ಕಾಟನ್, ಹಿಂದೆ ಕಪ್ಪು ಬಟ್ಟೆ. ಮೇಲ್ಗಡೆ ಬಿಗಿಯಾಗಿ ಕಟ್ಟಿ, ಬದಿಗೂ ಕೆಳಗೂ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಗಾಳಿ ಹೊಡೆದಾಗ ಟ್ಯೂಬ್ ಹಿಗ್ಗುತ್ತದೆ, ಬಟ್ಟೆ ಹರಿಯುವುದಿಲ್ಲ.

300 ಜನಕ್ಕೆ 12 ಅಡಿ ಅಗಲ, ಹೆಚ್ಚುಕಡಿಮೆ ಏಳಡಿ ಎತ್ತರದ ಚಿತ್ರ ಸಾಕು. ಜಮಖಾನದ ಮೇಲೆ ಒಬ್ಬರಿಗೆ 6 ಚದರ ಅಡಿ ಹಿಡಿದರೆ 40 ಅಡಿ ಅಗಲ, 45 ಅಡಿ ಉದ್ದದ ಜಾಗ. ಮೊದಲ ಸಾಲು 12 ಅಡಿ ದೂರ ಇರಲಿ, ಚಿತ್ರದ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ; ಇಲ್ಲದಿದ್ದರೆ ಹಿಂದಿನವರಿಗೆ ತಲೆಗಳೇ ಕಾಣುತ್ತವೆ. ಕತ್ತಲಿದ್ದರೆ 3000 ಲ್ಯುಮೆನ್ಸ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಸಾಕು. ಅಂಗಡಿ ಲೈಟು, ಸೀರಿಯಲ್ ಸೆಟ್ಟಿನ ಬೆಳಕು ಪರದೆಗೆ ಬೀಳುವುದಾದರೆ 5000 ತನ್ನಿ. ಕಿನ್ನಾಳ ಗೊಂಬೆಗೆ ಬಳಿಯುವ ಲಜವಾರದ ಲೋಹದಂಥ ಹೊಳಪು ಮಂಕು ಚಿತ್ರದಲ್ಲಿ ಕಾಣದಿದ್ದರೆ ಆ ಚಿತ್ರ ತೋರಿಸಿ ಏನು ಬಂತು? ಸಾಮಾನ್ಯ ಲೆನ್ಸಿಗೆ ಅಗಲದ ಒಂದೂವರೆ ಪಟ್ಟು, ಅಂದರೆ 18 ಅಡಿ ದೂರ ಬೇಕು. ಹಾಗಾಗಿ ಪ್ರೊಜೆಕ್ಟರ್ ಜನರ ನಡುವೆಯೇ ಬರುತ್ತದೆ. ಸುತ್ತ ಹಗ್ಗ ಕಟ್ಟಿ, ಮುಂದಿನ ದಾರಿಯಲ್ಲಿ ಯಾರೂ ಓಡಾಡದಂತೆ ಇಬ್ಬರು ಹುಡುಗರನ್ನು ನಿಲ್ಲಿಸಿ. ಡ್ಯಾಂ ಚಿತ್ರ ಹಳೆಯದಾದ್ದರಿಂದ ಎರಡೂ ಬದಿ ಕಪ್ಪು ಪಟ್ಟಿ ಬರಬಹುದು. ಅದನ್ನು ಎಳೆದು ಅಗಲ ಮಾಡಬೇಡಿ, ಮನುಷ್ಯರೆಲ್ಲ ಗಿಡ್ಡ ದಪ್ಪ ಕಾಣುತ್ತಾರೆ.

ಕರೆಂಟನ್ನು ಜಾತ್ರೆಯ ಲೈಟಿನ ಲೈನಿನಿಂದ ತೆಗೆದುಕೊಳ್ಳಬೇಡಿ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಸೇರಿ ಒಂದು ಕಿಲೋವಾಟ್ ದಾಟುವುದಿಲ್ಲ, 2-3 ಕೆವಿಎ ಜನರೇಟರ್ ನೂರಡಿ ದೂರ, ಕಟ್ಟಡದ ಹಿಂದೆ ಇಡಿ. ಪ್ರೊಜೆಕ್ಟರಿಗೆ ಯುಪಿಎಸ್ ಬೇಕು: ಲ್ಯಾಂಪ್ ಇರುವಂಥದ್ದು ದಿಢೀರ್ ಆರಿದರೆ ಫ್ಯಾನೂ ನಿಂತು ಲ್ಯಾಂಪ್ ಕಾವಿಗೆ ಹಾಳಾಗುತ್ತದೆ.

ಸಾರ್ವಜನಿಕವಾಗಿ ತೋರಿಸಲು ಸಾಕ್ಷ್ಯಚಿತ್ರಕ್ಕೂ ಸೆನ್ಸಾರ್ ಸರ್ಟಿಫಿಕೇಟ್ ಬೇಕು, 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ. ಯೂಟ್ಯೂಬಿನಲ್ಲಿದೆ ಅಂದಮಾತ್ರಕ್ಕೆ ಜಾತ್ರೆಯಲ್ಲಿ ತೋರಿಸುವ ಹಕ್ಕು ಬರುವುದಿಲ್ಲ. ನಿರ್ಮಾಪಕರಿಂದ ಒಪ್ಪಿಗೆ ಪತ್ರ, ಸರ್ಟಿಫಿಕೇಟಿನ ಪ್ರತಿ ಎರಡನ್ನೂ ಕೇಳಿ. ಡ್ಯಾಂ ಚಿತ್ರ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನದ್ದಾಗಿದ್ದರೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ (ಎನ್‌ಎಫ್‌ಡಿಸಿ) ಬರೆಯಬೇಕು, 2022ರಲ್ಲಿ ಅದು ಅಲ್ಲಿಗೆ ಸೇರಿದೆ. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು, ಪ್ರೊಜೆಕ್ಟರ್ ಬುಕ್ ಮಾಡುವ ಮೊದಲೇ ಪತ್ರ ಹಾಕಿ. ಮೈಕ್‌ಸೆಟ್ಟಿಗೆ ಪೊಲೀಸ್ ಅನುಮತಿ ಬೇರೆ. ರಾತ್ರಿ 10ಕ್ಕೆ ಬಂದ್ ಮಾಡಲೇಬೇಕು. ಆರೂಮುಕ್ಕಾಲಿಗೆಲ್ಲ ಕತ್ತಲಾಗುವುದರಿಂದ 7ಕ್ಕೆ ಶುರು ಮಾಡಿದರೆ ಒಂದೂವರೆ ತಾಸಿನ ಕಾರ್ಯಕ್ರಮ ಆರಾಮಾಗಿ ಮುಗಿಯುತ್ತದೆ.

ಶಾಲೆ ಗೋಡೆಯ ಅಳತೆ, ಮಿಕ್ಸರಿನ ಹಿಂಭಾಗದ ಫೋಟೊ ಗುಂಪಿಗೆ ಹಾಕ್ರಿ, ಯಾವ ಕೇಬಲ್ ತರಬೇಕು ಅಂತ ಹೇಳುತ್ತೇನೆ.