ಓದುಗರ ಪ್ರಶ್ನೆ, ನಮ್ಮ ಉತ್ತರ: ಎಡಗಡೆ ಸ್ಪೀಕರ್ ಆಗಾಗ ಮೂಕವಾಗುವುದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಬಳಸುತ್ತಿರುವ ಐದು ಸ್ಪೀಕರ್‌ಗಳಿಗೂ ಒಂದು ಬಾಸ್ ಪೆಟ್ಟಿಗೆಗೂ ದನಿ ಹಂಚುವ 5.1 ಚಾನೆಲ್‌ನ ಹೋಮ್ ಥಿಯೇಟರ್ ರಿಸೀವರ್ ಇದೆ. ಈ ಯುಗಾದಿ ಕಳೆದಾಗಿನಿಂದ ಮುಂಭಾಗದ ಎಡಗಡೆ ಸ್ಪೀಕರ್‌ನ ದನಿ ಆಗಾಗ ನಿಂತುಹೋಗುತ್ತಿದೆ. ಸ್ವಿಚ್ ಹಾಕಿದ ಕೂಡಲೇ ಬಹುತೇಕ ದನಿಯೇ ಇರುವುದಿಲ್ಲ; ಇದ್ದರೂ ಗೊಗ್ಗರಾಗಿ, ದೂರದಿಂದ ಬಂದಂತೆ ಕೇಳಿಸುತ್ತದೆ. ವಾಲ್ಯೂಮ್ ಜೋರು ಮಾಡಿದರೆ ಒಮ್ಮೆಲೇ ಸರಿಯಾಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಹಾಡು ಕೇಳುವಾಗ ಮತ್ತೆ ಅದೇ ಕಥೆ. ರಿಪೇರಿ ಅಂಗಡಿಯವರು ಬೋರ್ಡ್ ಹೋಗಿದೆ, ಈಗ ಅದು ಸಿಗುವುದಿಲ್ಲ, ಹೊಸ ಸೆಟ್ಟೇ ಕೊಳ್ಳಿ ಎಂದರು. ನನ್ನ ಮಗ ಎಚ್‌ಡಿಎಂಐ ಕೇಬಲ್ ಬದಲಿಸಿದರೆ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಬೇಕು?
– ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನಿಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ.

ಮೊದಲು ಕೇಬಲ್ಲಿನ ವಿಚಾರ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಎಲ್ಲ ಚಾನೆಲ್‌ಗಳ ದನಿಯೂ ಅಂಕಿಗಳ ರೂಪದಲ್ಲಿ ಒಟ್ಟಾಗಿ ಹರಿದು ಬರುತ್ತದೆಯೇ ಹೊರತು ಎಡಕ್ಕೊಂದು, ಬಲಕ್ಕೊಂದು ಎಂದು ಬೇರೆ ಬೇರೆ ತಂತಿಗಳಲ್ಲಿ ಅಲ್ಲ. ಆದ್ದರಿಂದ ಆ ಕೇಬಲ್ ಸಡಿಲವಾದರೆ ಅಥವಾ ಕೆಟ್ಟರೆ ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ತಡವರಿಸುತ್ತವೆ, ಹಲವು ಸಲ ಚಿತ್ರವೂ ಮಿನುಗಿ ಮಾಯವಾಗುತ್ತದೆ. ಎಡಗಡೆಯ ಸ್ಪೀಕರ್ ಒಂದರ ಮೇಲೆಯೇ ಮುನಿಸಿಕೊಳ್ಳುವ ಗುಣ ಅದಕ್ಕಿಲ್ಲ. ಅಷ್ಟೇ ಅಲ್ಲ, ವಾಲ್ಯೂಮ್ ಜೋರು ಮಾಡಿದ ಮಾತ್ರಕ್ಕೆ ಕೆಟ್ಟ ಕೇಬಲ್ ಸರಿಹೋಗುವುದೂ ಇಲ್ಲ. ನಿಮ್ಮ ಮಗನಿಗೆ ಇಷ್ಟನ್ನು ಹೇಳಿ, ಕೇಬಲ್ಲಿನ ಹಣವನ್ನು ಉಳಿಸಿಕೊಳ್ಳಿ.

ಇನ್ನು ದೋಷ ರಿಸೀವರ್‌ನ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಸ್ಕ್ರೂ ಡ್ರೈವರ್ ಮುಟ್ಟದೆಯೇ ತಿಳಿಯಬಹುದು. ರಿಸೀವರ್‌ನ ಪ್ಲಗ್ ಕಿತ್ತು, ಅದರ ಹಿಂಬದಿಯಲ್ಲಿ ಎಡ ಮತ್ತು ಬಲ ಸ್ಪೀಕರ್‌ಗಳ ವೈರ್‌ಗಳನ್ನು ಅದಲುಬದಲು ಮಾಡಿ. ಎಡದ ಟರ್ಮಿನಲ್‌ಗೆ ಬಲದ ವೈರ್, ಬಲದ ಟರ್ಮಿನಲ್‌ಗೆ ಎಡದ ವೈರ್. ಬಳಿಕ ಎಂದಿನಂತೆ ಸಣ್ಣ ದನಿಯಲ್ಲಿ ಹಾಡು ಹಾಕಿ ಕಾಯಿರಿ. ಮೊದಲಿನ ಹಾಗೆ ಎಡಗಡೆಯ ಪೆಟ್ಟಿಗೆಯೇ ಮೌನವಾದರೆ ದೋಷ ಅದರ ವೈರಿನಲ್ಲಿ ಅಥವಾ ಸ್ಪೀಕರ್‌ನಲ್ಲಿ ಇದೆ; ಮೌನ ಬಲಗಡೆಯ ಪೆಟ್ಟಿಗೆಗೆ ದಾಟಿಕೊಂಡರೆ ದೋಷ ರಿಸೀವರ್‌ನ ಎಡ ಚಾನೆಲ್‌ನಲ್ಲಿದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಬೋರ್ಡ್ ಹೋಗಿದೆ ಎಂದು ಹೇಳುವವರನ್ನು ನಂಬಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವೈರ್ ಬದಲಿಸುವಾಗಲೇ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹೊಸದಾಗಿದ್ದಾಗ ಹೊಳೆಯುತ್ತಿದ್ದ ತಾಮ್ರದ ಎಳೆಗಳು ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗಿದ್ದರೆ ಅಷ್ಟನ್ನು ಕತ್ತರಿಸಿ, ಮೇಲಿನ ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸೇರಿಸಿ. ಬೇಸಿಗೆಯಲ್ಲಿ ನಮ್ಮ ಕಡೆ ಟಿವಿ ಇರುವ ಕೋಣೆಯಲ್ಲೇ ಏರ್ ಕೂಲರ್ ಇಡುವುದು ರೂಢಿ, ಅದರ ಒದ್ದೆ ಗಾಳಿ ನೇರವಾಗಿ ಷೋಕೇಸಿನತ್ತ ಬೀಸುತ್ತಿದ್ದರೆ ತಾಮ್ರಕ್ಕೆ ಕಿಲುಬು ಬೇಗ ಹಿಡಿಯುತ್ತದೆ. ಒಂದೇ ಒಂದು ಎಳೆಯೂ ಹೊರಗೆ ಚಾಚಿ ಪಕ್ಕದ ಟರ್ಮಿನಲ್ಲನ್ನು ತಾಗದಂತೆ ನೋಡಿಕೊಳ್ಳಿ; ಕೂದಲಿನಷ್ಟು ತೆಳ್ಳಗಿನ ಆ ಎಳೆ ತಾಗಿದರೆ ಸ್ಪೀಕರ್‌ಗೆ ಶಕ್ತಿ ಒದಗಿಸುವ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು, ಆಗ ಅಂಗಡಿಯವರ ಮಾತು ನಿಜವಾಗಿಬಿಡುತ್ತದೆ. ಮಲ್ಟಿಮೀಟರ್ ಇದ್ದರೆ ವೈರಿನ ರಿಸೀವರ್ ಕಡೆಯ ತುದಿಗಳಲ್ಲಿಯೇ ಓಮ್ ಅಳೆಯಿರಿ. 8 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ ಸುಮಾರು 6 ತೋರಿಸುವುದು ಸಹಜ. ವೈರನ್ನು ಅಲುಗಾಡಿಸಿದಾಗ ಅಂಕಿ ನೆಗೆದಾಡಿದರೆ ಒಳಗೆ ಎಲ್ಲೋ ತುಂಡಾಗಿದೆ ಎಂದೇ ಅರ್ಥ.

ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ಮೌನವು ಬಲಗಡೆಗೆ ದಾಟುವ ಸಂಭವವೇ ಹೆಚ್ಚು, ಹಾಗೆ ದಾಟಿದರೆ ನನ್ನ ಮೊದಲ ಅನುಮಾನ ಸ್ಪೀಕರ್ ರಿಲೇಯ ಮೇಲೆ. ರಿಸೀವರ್ ಚಾಲೂ ಮಾಡಿದ ಕೆಲವು ಸೆಕೆಂಡುಗಳ ಬಳಿಕ ಒಳಗಿನಿಂದ ‘ಟಿಕ್’ ಎಂಬ ಸದ್ದು ಬರುತ್ತದಲ್ಲ, ಅದೇ ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ಡಬ್ಬಿಯೊಳಗೆ ಬೆಳ್ಳಿ ಮಿಶ್ರಲೋಹದ ಪುಟ್ಟ ಗುಂಡಿಗಳು ಒಂದನ್ನೊಂದು ಕೂಡಿದಾಗಲೇ ಆಂಪ್ಲಿಫೈಯರ್‌ನ ದನಿ ಸ್ಪೀಕರ್‌ಗೆ ತಲುಪುವುದು. ಮನೆಯ ಬೆಳ್ಳಿ ಸಾಮಾನು ಕಪ್ಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಈ ಗುಂಡಿಗಳೂ ವರ್ಷಗಳು ಕಳೆದಂತೆ ಹಾಗೆಯೇ ಕಪ್ಪಾಗುತ್ತವೆ, ಸೇರುವಾಗಲೂ ಬಿಡುವಾಗಲೂ ಹಾರುವ ಸಣ್ಣ ಕಿಡಿಗಳಿಂದ ಸವೆಯುತ್ತವೆ. ಅವುಗಳ ನಡುವೆ ಕಟ್ಟಿದ ತೆಳುವಾದ ಪೊರೆಯನ್ನು ಭೇದಿಸಿ ಸಾಗುವ ಶಕ್ತಿ ಸಣ್ಣ ದನಿಯ ಅಲ್ಪ ವಿದ್ಯುತ್ತಿಗೆ ಇರುವುದಿಲ್ಲ. ವಾಲ್ಯೂಮ್ ಏರಿಸಿದಾಗ ವೋಲ್ಟೇಜ್ ಹೆಚ್ಚಿ, ಪೊರೆಯಲ್ಲಿ ದಾರಿ ತೆರೆದುಕೊಂಡು, ದನಿ ಒಮ್ಮೆಲೇ ನುಗ್ಗಿ ಬರುತ್ತದೆ. ಸಣ್ಣ ದನಿಯಲ್ಲಿ ಹೋಗುವುದು, ದೊಡ್ಡ ದನಿಯಲ್ಲಿ ಬರುವುದು, ಬರುವ ಮೊದಲು ಗೊಗ್ಗರಾಗಿ ಕೇಳಿಸುವುದು: ನೀವು ಬರೆದ ಈ ಮೂರೂ ಸೇರಿದರೆ ಬೇರೆ ಕಾರಣ ಹುಡುಕುವ ಮೊದಲು ರಿಲೇಯನ್ನೇ ನೋಡಬೇಕು.

ಇದನ್ನು ಇನ್ನಷ್ಟು ಖಚಿತಪಡಿಸಿಕೊಳ್ಳಲು ಒಂದು ಸುಲಭದ ದಾರಿಯಿದೆ. ನಿಮ್ಮ ರಿಸೀವರ್‌ನ ಹಿಂಬದಿಯಲ್ಲಿ ಮುಂಭಾಗದ ಸ್ಪೀಕರ್‌ಗಳಿಗೆ ‘ಎ’ ಮತ್ತು ‘ಬಿ’ ಎಂಬ ಎರಡು ಜೊತೆ ಟರ್ಮಿನಲ್‌ಗಳಿದ್ದರೆ ವೈರ್‌ಗಳನ್ನು ‘ಬಿ’ಗೆ ಸೇರಿಸಿ, ಮುಂಭಾಗದ ಗುಂಡಿಯಿಂದ ‘ಬಿ’ಯನ್ನು ಆರಿಸಿ ಒಂದು ವಾರ ಬಳಸಿ. ಎರಡಕ್ಕೂ ಬೇರೆ ಬೇರೆ ರಿಲೇ ಇರುವ ಸೆಟ್ಟುಗಳಲ್ಲಿ, ಇಷ್ಟು ದಿನ ಬಳಸದ ‘ಬಿ’ಯ ರಿಲೇ ಇನ್ನೂ ಚೆನ್ನಾಗಿರುವ ಕಾರಣ ತೊಂದರೆ ಮಾಯವಾಗುತ್ತದೆ. ನಿಜ ಹೇಳಬೇಕೆಂದರೆ, ಹಾಗಾದರೆ ರಿಪೇರಿಯ ಗೊಡವೆಗೇ ಹೋಗದೆ ‘ಬಿ’ಯಲ್ಲಿಯೇ ಮುಂದುವರಿದರೂ ತಪ್ಪಿಲ್ಲ.

ತೊಂದರೆ ಹೀಗಿಲ್ಲದೆ, ಸೆಟ್ಟು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆಯೇ ದನಿ ಹೋಗುವುದು, ವಾಲ್ಯೂಮ್ ಏರಿಸಿದರೂ ಬಾರದಿರುವುದು, ಮೇಲೆ ಮೆಲ್ಲಗೆ ತಟ್ಟಿದರೆ ಬರುವುದು ಎಂಬಂತಿದ್ದರೆ ಅದು ಬಿರುಕು ಬಿಟ್ಟ ಬೆಸುಗೆಯ ಲಕ್ಷಣ. ಒಳಗಿನ ಬಿಸಿಯನ್ನು ಹೊರಹಾಕುವ ಲೋಹದ ತುಂಡಾದ ಹೀಟ್‌ಸಿಂಕ್ ಪಕ್ಕದ ಬೆಸುಗೆಗಳು ದಿನವೂ ಕಾದು ಹಿಗ್ಗಿ, ಆರಿ ಕುಗ್ಗಿ, ಬಿಡಿಭಾಗದ ಕಾಲಿನ ಸುತ್ತ ಉಂಗುರದಂತೆ ಸೀಳುತ್ತವೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಮೂರು ಕಡೆ ಮುಚ್ಚಿದ ಷೋಕೇಸಿನೊಳಗೆ, ಗಾಳಿ ಹೋಗುವ ಕಂಡಿಗಳ ಮೇಲೆ ಕೆಂಧೂಳು ಕುಳಿತು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆಯನ್ನೂ ಹೊದಿಸಿದರೆ ಆ ಸೆಟ್ಟು ಬಾಳುವುದಾದರೂ ಹೇಗೆ? ಮೇಲೆ ಒಂದು ಗೇಣು ಜಾಗ ಬಿಡಿ, ಬಟ್ಟೆಯನ್ನು ತೆಗೆದುಬಿಡಿ.

ಮುಚ್ಚಳವನ್ನು ನೀವೇ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೆಯೂ ಒಳಗಿನ ದೊಡ್ಡ ಕಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಬೆಸುಗೆ ಹಾಕಲು ಬಲ್ಲ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದು, ಬೋರ್ಡ್ ಬದಲಿಸಿ ಎನ್ನದೆ, ಮುಂಭಾಗದ ಸ್ಪೀಕರ್‌ಗಳ ರಿಲೇ ಬದಲಿಸಿಕೊಡಿ ಎಂದು ಸ್ಪಷ್ಟವಾಗಿ ಕೇಳಿ. ಹಳೆಯ ರಿಲೇಯ ಮೇಲೆಯೇ ಗುಂಡಿಗಳನ್ನು ಕೂಡಿಸುವ ಕಾಯಿಲ್‌ನ (ತಂತಿ ಸುರುಳಿಯ) ವೋಲ್ಟೇಜ್, ಅನೇಕ ಸೆಟ್ಟುಗಳಲ್ಲಿ 24 ವೋಲ್ಟ್, ಮತ್ತು ಎಷ್ಟು ಆಂಪಿಯರ್ ತಡೆಯುತ್ತದೆ ಎಂಬುದು ಅಚ್ಚಾಗಿರುತ್ತದೆ. ಹೊಸದರಲ್ಲಿ ಈ ಎರಡೂ, ಕಾಲುಗಳ ಜೋಡಣೆಯೂ ಹೊಂದಬೇಕು. ಎಡ ಬಲ ಎರಡಕ್ಕೂ ಒಂದೇ ರಿಲೇ ಇರುವುದು ಸಾಮಾನ್ಯ. ಬೇರೆ ಬೇರೆ ಇದ್ದರೂ ಎರಡನ್ನೂ ಒಟ್ಟಿಗೆ ಬದಲಿಸುವುದೇ ಜಾಣತನ, ಏಕೆಂದರೆ ಬಲದ್ದಕ್ಕೂ ಅಷ್ಟೇ ವಯಸ್ಸಾಗಿದೆ. ಹಳೆಯ ಗುಂಡಿಗಳನ್ನೇ ಮರಳು ಕಾಗದದಿಂದ ಉಜ್ಜಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. ತೆಳುವಾದ ಬೆಳ್ಳಿಯ ಲೇಪ ಕಿತ್ತುಹೋಗಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಬೇರೆ ತರಹ. ಸಂಜೆ ಏಳರಿಂದ ಒಂಬತ್ತರ ನಡುವೆ ಎಲ್ಲ ಸ್ಪೀಕರ್‌ಗಳೂ ಒಟ್ಟಿಗೆ ನಿಂತು, ‘ಟಿಕ್’ ಎಂದು ಸದ್ದಾಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರುತ್ತವೆ. ಹಗಲಿನಲ್ಲಿ ಏನೂ ತೊಂದರೆಯಿಲ್ಲ.
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಮೇಲಿನ ಓದುಗರ ಮನೆಯಲ್ಲಿ ರಿಲೇ ಕೂಡಿದ್ದರೂ ದನಿ ದಾಟುತ್ತಿಲ್ಲ, ನಿಮ್ಮ ಮನೆಯಲ್ಲಿ ರಿಲೇಯೇ ಬಿಟ್ಟುಕೊಳ್ಳುತ್ತಿದೆ, ಅದೂ ಯಾರೋ ಹೇಳಿದ್ದರಿಂದ. ಹೇಳುತ್ತಿರುವುದು, ತೊಂದರೆ ಕಂಡಾಗ ಸ್ಪೀಕರ್‌ಗಳ ಸಂಪರ್ಕ ಕಡಿಯುವ, ರಿಸೀವರ್‌ನ ರಕ್ಷಣಾ ಸರ್ಕೀಟು. ತೊಂದರೆ ಬರುವ ಹೊತ್ತನ್ನು ನೋಡಿದರೆ ಅನುಮಾನ ಮೊದಲು ಮನೆಯ ವೋಲ್ಟೇಜಿನ ಮೇಲೆಯೇ ಹೋಗುತ್ತದೆ. ದನಿ ನಿಂತ ಗಳಿಗೆಯಲ್ಲಿ, ಪ್ಲಗ್ ಪಾಯಿಂಟಿನಲ್ಲಿ 230 ವೋಲ್ಟ್ ಬದಲು ಎಷ್ಟಿದೆ ಎಂದು ವಯರ್‌ಮನ್ ಒಬ್ಬರಿಂದ ಅಳೆಸಿ ಬರೆದಿಟ್ಟುಕೊಳ್ಳಿ, ಮೂರು ನಾಲ್ಕು ಸಂಜೆ ಹೀಗೆ ಮಾಡಿದರೆ ಸಾಕು. ಪ್ರತಿಸಲವೂ ವೋಲ್ಟೇಜ್ ಬಹಳ ಕುಸಿದಿದ್ದರೆ ರಿಸೀವರ್‌ನ ಹಿಂಬದಿಯಲ್ಲಿ ಬರೆದ ವಾಟ್‌ಗಿಂತ ಹೆಚ್ಚಿನ ಸಾಮರ್ಥ್ಯದ ಸ್ಟೆಬಿಲೈಜರ್ ಹಾಕಿಸಿ. ವೋಲ್ಟೇಜ್ ಸರಿಯಾಗಿಯೇ ಇದ್ದೂ ನಿಲ್ಲುತ್ತಿದ್ದರೆ ಸ್ಪೀಕರ್ ವೈರ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ, ಪ್ರತಿಸಲ ಪ್ಲಗ್ ಕಿತ್ತ ಮೇಲೆಯೇ. ಯಾವುದನ್ನು ತೆಗೆದಾಗ ‘ಟಿಕ್’ ನಿಲ್ಲುತ್ತದೆಯೋ ಆ ವೈರಿನ ಎರಡು ಎಳೆಗಳು ಎಲ್ಲೋ ಸುಲಿದು ಒಂದಕ್ಕೊಂದು ತಾಗುತ್ತಿರಬಹುದು. ಬಾಗಿಲ ಸಂದಿಯಲ್ಲಿ, ಮಂಚದ ಕಾಲಿನ ಕೆಳಗೆ ಹಾದುಹೋದ ಕಡೆ ಮೊದಲು ಹುಡುಕಿ.

ಪ್ರಶ್ನೆ: ನಡುವಿನ ಸ್ಪೀಕರ್ ಸಿನಿಮಾದಲ್ಲಿ ಮಾತನಾಡುತ್ತದೆ, ಹಳೆಯ ಹಾಡು ಹಾಕಿದರೆ ಸುಮ್ಮನಾಗುತ್ತದೆ. ರಿಲೇ ಹೋಗಿದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಇಲ್ಲ, ನಿಮ್ಮ ಸೆಟ್ಟು ಚೆನ್ನಾಗಿದೆ. ಹಳೆಯ ಹಾಡುಗಳಲ್ಲಿ ಹೆಚ್ಚೆಂದರೆ ಎಡ ಮತ್ತು ಬಲ ಎರಡೇ ಚಾನೆಲ್ ಇರುತ್ತವೆ, ರಿಸೀವರ್ ಸ್ಟೀರಿಯೊ ಮೋಡ್‌ನಲ್ಲಿದ್ದಾಗ ನಡುವಿನದಕ್ಕೆ ಕಳುಹಿಸಲು ಏನೂ ಇರುವುದಿಲ್ಲ. ಸಂದೇಹ ಉಳಿದರೆ ಸೆಟ್ಟಿಂಗ್ಸ್‌ನಲ್ಲಿರುವ ಟೆಸ್ಟ್ ಟೋನ್ ಹಾಕಿ. ಪ್ರತಿ ಸ್ಪೀಕರ್‌ನಿಂದಲೂ ಸರದಿಯಂತೆ ‘ಹಿಸ್ಸ್’ ಎಂಬ ಸದ್ದು ಬರುತ್ತದೆ, ನಡುವಿನದರಿಂದಲೂ ಬಂದರೆ ಏನನ್ನೂ ಮುಟ್ಟಬೇಡಿ.