ಕರುಳಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಫಿಶರ್ ಆಗಿದೆ, ತಡೆಯಲಾಗದ ಉರಿ. ಮಂಡ್ಯದಲ್ಲಿದ್ದೇವೆ, ಮನೆಯಲ್ಲಿ ಏನು ಮಾಡಬಹುದು?

ಫಿಶರ್ ಅಂದರೆ ಗುದದ ಚರ್ಮ ಸೀಳುವುದು. ಹಾಗೆ ಸೀಳಿದಾಗ ಒಳಗಿನ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿದರೆ ರಕ್ತದ ಓಡಾಟ ಕಡಿಮೆ, ಗಾಯ ಮಾಯುವುದೂ ನಿಧಾನ. ಮೊದಲು ಆ ಬಿಗಿ ಸಡಿಲವಾಗಬೇಕು.

ಅಗಲವಾದ ಟಬ್‌ನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ, ದಿನಕ್ಕೆ ಎರಡು ಮೂರು ಸಲ 10-15 ನಿಮಿಷ ಕೂರಿಸಿ. ಕಕ್ಕಸಿಗೆ ಹೋಗಿ ಬಂದ ಕೂಡಲೇ ಕೂತರೆ ಇನ್ನೂ ಒಳ್ಳೆಯದು. ಡೆಟಾಲ್ ಬೇಡ, ಸುಮ್ನೆ ಉರಿ ಜಾಸ್ತಿ. ಆಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಒತ್ತಿ ಒರೆಸಲಿ, ಉಜ್ಜಬಾರದು.

ಈ ಆಪರೇಷನ್ ಆದ ಕೆಲವರಿಗೆ ಪದೇ ಪದೇ ತೆಳ್ಳಗೆ ಭೇದಿ ಆಗುತ್ತದೆ. ಹಾಗಿದ್ದರೆ ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಅಥವಾ ಜಿಂಕ್ ಆಕ್ಸೈಡ್ ಕ್ರೀಮ್ ತೆಳುವಾಗಿ ಹಚ್ಚಿ. ಮಲ ಗಟ್ಟಿಯಾಗುತ್ತಿದ್ದರೂ ಇಸಬ್‌ಗೋಲ್ ಅನ್ನು ಸರ್ಜನ್ ಕೇಳದೆ ಕೊಡಬೇಡಿ, ಒಳಗೆ ಹೊಲಿಗೆ ಇನ್ನೂ ಹಸಿ ಅಲ್ವಾ. ಮುದ್ದೆ ಯಾವಾಗಿಂದ ಅಂತಲೂ ಅವರನ್ನೇ ಕೇಳಿ. ಉಪ್ಸಾರಿನ ಖಾರ ಮಾತ್ರ ಸದ್ಯಕ್ಕೆ ದೂರ ಇರಲಿ (ನಮ್ಮ ಕಡೆಯವರಿಗೆ ಇದೇ ಕಷ್ಟ!).

ಡಿಲ್ಟಿಯಾಜೆಮ್ ಮುಲಾಮು ಆ ಸ್ನಾಯುವನ್ನೇ ಸಡಿಲಿಸುತ್ತದೆ, ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಅಂಗಡಿಯವರು ಕೊಡುವ ಪೈಲ್ಸ್ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಜ್ವರ, ಕೀವು, ಊತ, ಹೊಟ್ಟೆನೋವು ಅಥವಾ ಜಾಸ್ತಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.